ಮೊಟ್ಟೆ ತಿಂದಿದ್ದಕ್ಕೇ ಫಿಟ್ಸ್ ಬಂತಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫಿಟ್ಸ್ ಬಗ್ಗೆ. ಅದರಲ್ಲೂ ಊಟಕ್ಕೂ ಫಿಟ್ಸ್‌ಗೂ ಏನು ಸಂಬಂಧ ಅನ್ನುವುದೇ ಬಹಳ ಜನರ ಪ್ರಶ್ನೆ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ನಾಲ್ಕು ತಿಂಗಳಲ್ಲಿ ಎರಡು ಸಲ ಫಿಟ್ಸ್ ಬಂದಿದೆ. ಎರಡೂ ಸಲ ಜ್ವರ ಇರಲಿಲ್ಲ. ಎರಡನೇ ಸಲ ಬಂದಾಗ ಮೊಟ್ಟೆ ತಿಂದು ಅರ್ಧ ಗಂಟೆಯಾಗಿತ್ತು. ನಾನೇ ಕೈಯಾರೆ ತಿನ್ನಿಸಿದ್ದೆ. ಮನೆಯಲ್ಲಿ ಎಲ್ಲರೂ ಅದರಿಂದಲೇ ಅಂತಾರೆ. ಈಗ ಮೊಟ್ಟೆ, ಹಾಲು, ಬಾಳೆಹಣ್ಣು, ಸಿಹಿ ಎಲ್ಲ ನಿಲ್ಲಿಸಿದ್ದೇನೆ. ಮಗಳು ಸೊರಗಿ ಹೋಗಿದ್ದಾಳೆ. ಡಾಕ್ಟರು ಮಾತ್ರೆ ಶುರು ಮಾಡೋಣ ಅಂದಿದ್ದಾರೆ. ಪಥ್ಯದಲ್ಲೇ ಸರಿಹೋಗುವುದಾದರೆ ಮಾತ್ರೆ ಯಾಕೆ ಅಂತ ನನಗೆ ಭಯ. — ಒಬ್ಬ ತಾಯಿ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊಟ್ಟೆಯ ಮೇಲೆ ಅನುಮಾನ ಪಡುವಂಥದ್ದು ಅದರಲ್ಲಿ ನನಗೆ ಏನೂ ಕಾಣಲಿಲ್ಲ. ಮೊದಲನೇ ಸಲ ಫಿಟ್ಸ್ ಬಂದ ದಿನ ಮಗಳು ಏನು ತಿಂದಿದ್ದಳು ಅಂತ ನೀವು ಬರೆದಿಲ್ಲ. ಅವತ್ತೂ ಮೊಟ್ಟೆ ತಿಂದಿದ್ದರೆ ಖಂಡಿತ ಬರೆಯುತ್ತಿದ್ದಿರಿ. ಮಕ್ಕಳು ದಿನಕ್ಕೆ ನಾಲ್ಕೈದು ಸಲ ಏನಾದರೂ ತಿನ್ನುತ್ತಾರೆ. ಹಾಗಿರುವಾಗ ಫಿಟ್ಸ್ ಯಾವ ಹೊತ್ತಿಗೆ ಬಂದರೂ ಅದಕ್ಕಿಂತ ಸ್ವಲ್ಪ ಮುಂಚೆ ಏನೋ ಒಂದು ಹೊಟ್ಟೆಗೆ ಹೋಗಿಯೇ ಇರುತ್ತದೆ, ಅಲ್ವಾ?

ಹದಿನಾರು ವರ್ಷದ ಒಬ್ಬ ಹುಡುಗನ ತಾಯಿ ನನ್ನ ಹತ್ತಿರ ಒಂದು ನೋಟ್‌ಬುಕ್ ತಂದಿದ್ದರು. ತಾರೀಖು, ಗಂಟೆ, ತಿಂದದ್ದು ಏನು, ಎಲ್ಲ ಗೆರೆ ಹೊಡೆದು ಬರೆದಿದ್ದರು. ಪ್ರತಿ ಫಿಟ್ಸ್ ಪಕ್ಕದಲ್ಲೂ ಆವತ್ತಿನ ಬೆಳಗಿನ ತಿಂಡಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಹುಡುಗ ಹನ್ನೊಂದು ಪದಾರ್ಥ ಬಿಟ್ಟಿದ್ದ. ನಾನು ತಿಂಡಿಯನ್ನು ಬಿಟ್ಟು ಗಂಟೆಗಳನ್ನು ಮಾತ್ರ ಓದುತ್ತಾ ಹೋದೆ. ಆರೂವರೆ, ಏಳು, ಆರೂ ಮುಕ್ಕಾಲು, ಏಳು. ಹೆಚ್ಚುಕಡಿಮೆ ಎಲ್ಲವೂ ಎದ್ದ ಒಂದು ಗಂಟೆಯೊಳಗೆ. ‘ಬೆಳಿಗ್ಗೆ ಹಲ್ಲುಜ್ಜುವಾಗ ಕೈ ಜಗ್ಗಿದ ಹಾಗಾಗಿ ಬ್ರಷ್ ಬೀಳುತ್ತಾ?’ ಅಂತ ಹುಡುಗನನ್ನು ಕೇಳಿದೆ. ಅವನು ಅಮ್ಮನ ಮುಖ ನೋಡಿದ. ಬೀಳುತ್ತಿತ್ತು. ಎಷ್ಟೋ ಸಲ. ಅದಕ್ಕೆ ಬೈಸಿಕೊಂಡೂ ಇದ್ದ. ಪರೀಕ್ಷೆ ಓದು ಅಂತ ರಾತ್ರಿ ಎರಡರವರೆಗೆ ಎದ್ದಿರುತ್ತಿದ್ದ.

ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗದ ಗುರುತೇ ಇದು. ನಿದ್ದೆ ಕೆಟ್ಟ ಮರುದಿನ ಬೆಳಿಗ್ಗೆ ಕೈ ಜಗ್ಗುತ್ತದೆ, ಆಮೇಲೆ ದೊಡ್ಡ ಫಿಟ್ಸ್ ಬರುತ್ತದೆ. ಸರಿಯಾದ ಮಾತ್ರೆಗೆ ಇದು ಚೆನ್ನಾಗಿ ಬಗ್ಗುತ್ತದೆ. ಆದರೆ ಬೇರೆ ಬಗೆಯ ಫಿಟ್ಸ್‌ಗೆ ಒಳ್ಳೆಯದಾದ ಕಾರ್ಬಮಜೆಪಿನ್ ಕೊಟ್ಟರೆ ಜಾಸ್ತಿಯಾಗಲೂಬಹುದು. ಆ ತಾಯಿ ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸುತ್ತು ಹಾಕಿದ ಜಾಗ ಮಾತ್ರ ಬೇರೆ. ಆ ನೋಟ್‌ಬುಕ್ ಇಲ್ಲದಿದ್ದರೆ ನನಗೂ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ.

ಫಿಟ್ಸ್ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಮಿದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಮುಂದೂಡುವ ಸಂಕೇತಗಳಿವೆ, ತಡೆಯುವ ಸಂಕೇತಗಳಿವೆ. ತಡೆಯುವುದು ಸೋತು ಒಂದಿಷ್ಟು ಕೋಶಗಳು ಒಟ್ಟೊಟ್ಟಿಗೆ ಮಿಡಿಯತೊಡಗಿದರೆ ಅದೇ ಫಿಟ್ಸ್. ಅದು ಎಲ್ಲಿ ಶುರುವಾಯಿತು ಅನ್ನುವುದರ ಮೇಲೆ ಏನು ಕಾಣುತ್ತದೆ ಅನ್ನುವುದು ನಿಂತಿದೆ. ಕೆಲವರು ಬಿದ್ದು ಕೈಕಾಲು ಬಡಿಯುತ್ತಾರೆ. ಕೆಲವು ಮಕ್ಕಳು ಹತ್ತು ಸೆಕೆಂಡ್ ಸುಮ್ನೆ ಶೂನ್ಯ ನೋಡುತ್ತಾ ನಿಂತುಬಿಡುತ್ತಾರೆ. ಪಾಠದಲ್ಲಿ ಗಮನವಿಲ್ಲ ಅಂತ ಅವರಿಗೆ ಬೈಗುಳ ಬೇರೆ.

ಕಾರಣಗಳು ಬಹಳ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದೇ ಹೋಗಿರಬಹುದು. ತಲೆಗೆ ಪೆಟ್ಟು, ಮಿದುಳಿನ ಸೋಂಕು, ಗಡ್ಡೆ, ವಯಸ್ಸಾದವರಲ್ಲಿ ಪಾರ್ಶ್ವವಾಯು ಕಾರಣ ಇರಬಹುದು. ವಂಶವಾಹಿಯಲ್ಲೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನಕ್ಕೆ ಮೂರ್ಛೆರೋಗ ಇದೆ. ಅವರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ಕಾರಣವೇ ಸಿಗುವುದಿಲ್ಲ. ಕಾರಣ ಸಿಗದ ಆ ಖಾಲಿ ಜಾಗದಲ್ಲೇ ಮೊಟ್ಟೆ, ಬಾಳೆಹಣ್ಣು, ತಾಯಿಯ ತಪ್ಪು ಎಲ್ಲ ಬಂದು ಕೂರುವುದು.

ಹಾಗಂತ ಊಟಕ್ಕೆ ಸಂಬಂಧವೇ ಇಲ್ಲ ಅಂತ ಹೇಳಲಾರೆ. ರಕ್ತದಲ್ಲಿ ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ತೀರಾ ಕೆಳಗಿಳಿದರೆ ಯಾರಿಗಾದರೂ ಫಿಟ್ಸ್ ಬರಬಹುದು. ಪುಟ್ಟ ಕೂಸಿಗೆ ಪುಡಿಹಾಲನ್ನು ಜಾಸ್ತಿ ನೀರು ಬೆರೆಸಿ ಕೊಟ್ಟು ಸೋಡಿಯಂ ಇಳಿದು ಫಿಟ್ಸ್ ಬರುವುದುಂಟು. ಕರ್ಪೂರ ನುಂಗಿದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ಅದನ್ನು ಕೈಗೆ ಸಿಗದ ಹಾಗೆ ಇಡಿ. ಅಪರೂಪಕ್ಕೆ ಕೆಲವು ಶಿಶುಗಳಲ್ಲಿ ಬಿ6 ಜೀವಸತ್ವ ಕೊಟ್ಟರೆ ಮಾತ್ರ ಫಿಟ್ಸ್ ನಿಲ್ಲುತ್ತದೆ. ಇನ್ನೊಂದು ಅಪರೂಪದ ಕಾಯಿಲೆಯಲ್ಲಿ ಸಕ್ಕರೆಯ ಅಂಶ ರಕ್ತದಿಂದ ಮಿದುಳಿಗೆ ದಾಟುವುದೇ ಕಷ್ಟ. ಅಂಥ ಮಕ್ಕಳಿಗೆ ಬರಿಹೊಟ್ಟೆಯಲ್ಲಿ ಜಾಸ್ತಿ ಬರುತ್ತದೆ, ತಿಂದ ಮೇಲೆ ಸುಧಾರಿಸುತ್ತದೆ. ಇವೆಲ್ಲ ಪರೀಕ್ಷೆಯಲ್ಲಿ ಗೊತ್ತಾಗುವಂಥವು. ನಿಮ್ಮ ಮಗಳಿಗೆ ರಕ್ತ ಪರೀಕ್ಷೆ, ಇಇಜಿ (ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಪರೀಕ್ಷೆ) ಆಗಿದೆಯೇ ಕೇಳಿ. ಒಂದು ವಿಷಯ ನೆನಪಿರಲಿ: ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಮಾಡಿದ ಇಇಜಿ ಸರಿಯಾಗಿ ಬರಬಹುದು. ಅದರಿಂದ ರೋಗ ಇಲ್ಲ ಅಂತ ಆಗುವುದಿಲ್ಲ.

ಜ್ವರದಂಥ ಕಾರಣ ಇಲ್ಲದೆ 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಫಿಟ್ಸ್ ಬಂದರೆ ಮೂರ್ಛೆರೋಗ ಅನ್ನುತ್ತೇವೆ. ಹಾಗಾಗಿ ನಿಮ್ಮ ಡಾಕ್ಟರು ಮಾತ್ರೆ ಅಂದದ್ದು ಸರಿಯಾಗಿಯೇ ಇದೆ. ಸರಿಯಾಗಿ ಪತ್ತೆ ಮಾಡಿ ಔಷಧಿ ಕೊಟ್ಟರೆ ಸುಮಾರು 70 ಶೇಕಡಾ ಜನ ಫಿಟ್ಸ್ ಇಲ್ಲದೆ ಬದುಕಬಹುದು. ಮಾತ್ರೆ ಶುರು ಮಾಡಿ. ಮೊಟ್ಟೆ, ಹಾಲು, ಹಣ್ಣು ಇವತ್ತೇ ವಾಪಸು ಕೊಡಿ. ಬೆಳೆಯುವ ಮಗು ಸೊರಗುವುದು ನನಗೆ ಮೊಟ್ಟೆಗಿಂತ ದೊಡ್ಡ ಚಿಂತೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಮೂರು ಬಗೆಯ ಔಷಧಿ ಕೊಟ್ಟರೂ ವಾರಕ್ಕೆ ನಾಲ್ಕೈದು ಸಲ ಫಿಟ್ಸ್ ಬರುತ್ತದೆ. ಕೀಟೋ ಡಯಟ್‌ನಲ್ಲಿ ನಿಲ್ಲುತ್ತದೆ ಅಂತ ವಿಡಿಯೋ ನೋಡಿದೆ. ನಾನು ತೂಕ ಇಳಿಸಲು ಅದನ್ನೇ ಮಾಡಿದ್ದೆ. ಅವನಿಗೂ ಮನೆಯಲ್ಲೇ ಶುರು ಮಾಡಲೇ? — ಒಬ್ಬ ತಂದೆ

ಉತ್ತರ: ಡಯಟ್ ಬಗ್ಗೆ ನೀವು ಯೋಚಿಸಿದ್ದು ಸರಿ. ಮನೆಯಲ್ಲೇ ಶುರು ಮಾಡುವುದು ಮಾತ್ರ ಬೇಡ. ನೀವು ತೂಕ ಇಳಿಸಲು ಮಾಡಿದ್ದಕ್ಕೂ ಇದಕ್ಕೂ ಹೆಸರೊಂದೇ.

ಉಪವಾಸ ಇದ್ದಾಗ ಫಿಟ್ಸ್ ಕಡಿಮೆಯಾಗುತ್ತದೆ ಅನ್ನುವುದು ಬಹಳ ಹಳೆಯ ಗಮನಿಕೆ. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಇಡುವುದು? ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ 1921ರಲ್ಲಿ ಒಂದು ದಾರಿ ಹೇಳಿದರು. ಕೊಬ್ಬು ತುಂಬಾ ಜಾಸ್ತಿ, ಪಿಷ್ಟ ತುಂಬಾ ಕಡಿಮೆ ಇರುವ ಊಟ ಕೊಟ್ಟರೆ ದೇಹ ಉಪವಾಸದಲ್ಲಿ ಇದ್ದ ಹಾಗೆಯೇ ಕೊಬ್ಬನ್ನು ಸುಟ್ಟು ಕೀಟೋನ್ ಮಾಡಿಕೊಳ್ಳುತ್ತದೆ, ಮಿದುಳು ಅದನ್ನು ಬಳಸಿಕೊಳ್ಳುತ್ತದೆ. 1938ರಲ್ಲಿ ಫೆನಿಟಾಯಿನ್ ಅನ್ನುವ ಫಿಟ್ಸ್ ಔಷಧಿ ಬಂದ ಮೇಲೆ ಮಾತ್ರೆಯೇ ಸುಲಭ ಅಂತ ಈ ಪಥ್ಯ ಹಿಂದೆ ಬಿತ್ತು. 1990ರ ದಶಕದಲ್ಲಿ ಮತ್ತೆ ಬಂತು. 2008ರಲ್ಲಿ ಲಂಡನ್ನಿನ ವೈದ್ಯರು 145 ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಎಲ್ಲರೂ ಔಷಧಿಗೆ ಬಗ್ಗದ ಮಕ್ಕಳು. ಮೂರು ತಿಂಗಳಲ್ಲಿ, ಪಥ್ಯ ಮಾಡಿದವರಲ್ಲಿ 38 ಶೇಕಡಾ ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಪಥ್ಯ ಮಾಡದವರಲ್ಲಿ ಹಾಗಾದದ್ದು 6 ಶೇಕಡಾ. ಈ ಎರಡು ಅಂಕಿ ನೋಡಿದರೆ ಇದು ನಿಜವಾದ ಚಿಕಿತ್ಸೆ ಅನ್ನುವುದೂ ಗೊತ್ತಾಗುತ್ತದೆ, ಎಲ್ಲರಿಗೂ ಹಿಡಿಯುವುದಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ಮೂಲ ಪಥ್ಯದಲ್ಲಿ ಪ್ರೋಟೀನ್ ಮತ್ತು ಪಿಷ್ಟ ಎರಡೂ ಸೇರಿ ಒಂದು ಗ್ರಾಂ ಆದರೆ ಕೊಬ್ಬು ನಾಲ್ಕು ಗ್ರಾಂ. ಅಂದರೆ ಕ್ಯಾಲೊರಿಯಲ್ಲಿ 90 ಶೇಕಡಾ ಕೊಬ್ಬಿನಿಂದಲೇ. ಇದನ್ನು ಪಾಲಿಸುವ ಒಂದು ಮನೆಯ ಅಡುಗೆಮನೆ ನೋಡಿದ್ದೇನೆ. ಒಲೆಯ ಪಕ್ಕದಲ್ಲಿ ಪುಟ್ಟ ತೂಕದ ಯಂತ್ರ. ತಾಯಿ ಬೆಣ್ಣೆಯನ್ನು ಚಾಕುವಿನ ತುದಿಯಲ್ಲಿ ಹಾಕುತ್ತಾರೆ, ಅಂಕಿ ನೋಡುತ್ತಾರೆ, ಚೂರು ತೆಗೆಯುತ್ತಾರೆ. ಮಗು ಉಂಡ ಮೇಲೆ ರಬ್ಬರಿನ ಸೌಟಿನಿಂದ ಬಟ್ಟಲು ಬಳಿದು ಕೊನೆಯ ತುತ್ತನ್ನೂ ಬಾಯಿಗಿಡುತ್ತಾರೆ. ಬಟ್ಟಲಿಗೆ ಅಂಟಿದ ಬೆಣ್ಣೆಯೂ ಔಷಧಿಯ ಲೆಕ್ಕ. ಒಂದು ಸಲ ಆ ಮಗುವಿಗೆ ಕೆಮ್ಮು ಬಂತು. ಸಿರಪ್ ಕೊಟ್ಟರು. ಅದರಲ್ಲಿದ್ದ ಸಕ್ಕರೆಯಿಂದ ಕೀಟೋನ್ ಇಳಿದು ಎರಡು ದಿನ ಫಿಟ್ಸ್ ಬಂತು. ಅಂದಿನಿಂದ ಆ ಮನೆಯಲ್ಲಿ ಔಷಧಿಯ ಲೇಬಲ್ ಓದದೆ ಮಗುವಿಗೆ ಏನನ್ನೂ ಕೊಡುವುದಿಲ್ಲ.

ಇದರಲ್ಲಿ ಅಡ್ಡ ಪರಿಣಾಮಗಳೂ ಇವೆ. ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು, ಕೊಲೆಸ್ಟ್ರಾಲ್ ಏರುವುದು, ಬೆಳವಣಿಗೆ ಕುಂಠಿತವಾಗುವುದು. ಮಗನ ಮೂರು ಔಷಧಿಗಳಲ್ಲಿ ಟೋಪಿರಾಮೇಟ್ ಇದ್ದರೆ ತಪ್ಪದೆ ಹೇಳಿ, ಅದೂ ಕಲ್ಲು ಮಾಡಬಲ್ಲದು. ಇನ್ನೂ ಮುಖ್ಯವಾದದ್ದು, ಕೊಬ್ಬನ್ನು ಸುಡಲಾಗದ ಕೆಲವು ಹುಟ್ಟುಕಾಯಿಲೆಗಳಿವೆ. ಆ ಮಕ್ಕಳಿಗೆ ಈ ಪಥ್ಯ ಪ್ರಾಣಾಪಾಯ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ನರರೋಗ ವೈದ್ಯರು ಮತ್ತು ಡಯಟಿಷಿಯನ್ ಇಬ್ಬರೂ ಜೊತೆಯಲ್ಲಿರಬೇಕು. ಇಷ್ಟು ಕಟ್ಟುನಿಟ್ಟಿಲ್ಲದ ಮಾರ್ಪಡಿಸಿದ ಅಟ್ಕಿನ್ಸ್ ಪಥ್ಯವೂ ಇದೆ, ಅದನ್ನೂ ಕೇಳಿ. ಸುಮಾರು ಮೂರು ತಿಂಗಳು ನೋಡಿ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಹಿಡಿದರೆ ಸಾಮಾನ್ಯವಾಗಿ ಎರಡು ವರ್ಷ ಮಾಡಿಸಿ ನಿಧಾನವಾಗಿ ಬಿಡಿಸುತ್ತಾರೆ. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬರುವ ಅಪಾಯ ಇದೆ.

ಇನ್ನೊಂದು ಪ್ರಶ್ನೆಯನ್ನೂ ವೈದ್ಯರಿಗೆ ಕೇಳಿ: ಆಪರೇಷನ್ನಿಗೆ ಪರಿಶೀಲಿಸಬಹುದೇ ಅಂತ. ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧಿಗೂ ಬಗ್ಗದಿದ್ದರೆ ಮೂರನೆಯದರಲ್ಲಿ ಪೂರ್ತಿ ನಿಲ್ಲುವ ಸಾಧ್ಯತೆ ಕಡಿಮೆ. ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಏಳುತ್ತಿದ್ದರೆ ಆಪರೇಷನ್ನಿನಿಂದ ಬಹಳ ಮಕ್ಕಳಿಗೆ ಒಳ್ಳೆಯದಾಗಿದೆ. ಈ ಪ್ರಶ್ನೆ ಕೇಳಲು ಜನ ವರ್ಷಗಟ್ಟಲೆ ಹಿಂಜರಿಯುತ್ತಾರೆ. ನೀವು ಹಿಂಜರಿಯಬೇಡಿ.

ಪ್ರಶ್ನೆ: ನನಗೆ 22 ವರ್ಷ. ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿದ್ದೇನೆ. ಕಾಫಿ ಕುಡಿಯಬಹುದಾ? ಉಪವಾಸ ಮಾಡಬಹುದಾ? ಗೆಳೆಯರ ಜೊತೆ ಒಂದೆರಡು ಪೆಗ್? — ಒಬ್ಬ ವಿದ್ಯಾರ್ಥಿ

ಉತ್ತರ: ಮುಚ್ಚಿಡದೆ ಕೇಳಿದ್ದೀಯಪ್ಪ, ಸಂತೋಷ. ಹಗಲು ಒಂದೆರಡು ಕಪ್ ಕಾಫಿ ಬಹಳ ಜನಕ್ಕೆ ತೊಂದರೆ ಮಾಡುವುದಿಲ್ಲ. ರಾತ್ರಿ ನಿದ್ದೆ ಕೆಡಿಸುವ ಕಾಫಿ ಬೇಡ. ಉಪವಾಸದ ದಿನ ಮಾತ್ರೆ ತಪ್ಪಿಸುತ್ತಾರಲ್ಲ, ತೊಂದರೆ ಅಲ್ಲಿದೆ. ಮದ್ಯದ ಬಗ್ಗೆ ನನ್ನ ಸಲಹೆ ಬೇಡ ಅಂತಲೇ. ಕುಡಿದ ರಾತ್ರಿ ನಿದ್ದೆಯೂ ಕೆಡುತ್ತದೆ, ಮಾತ್ರೆಯೂ ಮರೆಯುತ್ತದೆ. ಜಾಸ್ತಿ ಕುಡಿಯುವ ಅಭ್ಯಾಸ ಇದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರ್ಛೆರೋಗ ಇಲ್ಲದವರಿಗೂ. ನೀನು ಕೇಳದೇ ಇರುವ ಒಂದು ಹಣ್ಣು ಇದೆ, ದ್ರಾಕ್ಷಿಹಣ್ಣು ಅಂತ ಮೋಸ ಹೋಗಬೇಡ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್. ಅದರ ರಸ ಕುಡಿದರೆ ರಕ್ತದಲ್ಲಿ ಕಾರ್ಬಮಜೆಪಿನ್ ಏರಿ ತಲೆಸುತ್ತು, ಎರಡೆರಡಾಗಿ ಕಾಣುವುದು ಶುರುವಾಗಬಹುದು. ವರ್ಷಗಟ್ಟಲೆ ಈ ಮಾತ್ರೆ ತೆಗೆದುಕೊಂಡರೆ ವಿಟಮಿನ್ ಡಿ ಇಳಿಯಬಹುದು, ಆಗಾಗ ಪರೀಕ್ಷೆ ಮಾಡಿಸು.

ಪ್ರಶ್ನೆ: ನಾವು ಅಪ್ಪಟ ಸಸ್ಯಾಹಾರಿಗಳು. ನನ್ನ ಸ್ಕ್ಯಾನಿಂಗ್‌ನಲ್ಲಿ ಮಿದುಳಿನಲ್ಲಿ ಲಾಡಿಹುಳುವಿನ ಮರಿಗೂಡು ಇದೆ ಅಂದರು. ಇದು ಹೇಗೆ ಸಾಧ್ಯ? — ಓದುಗ

ಉತ್ತರ: ಸಾಧ್ಯ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಮಿದುಳಿಗೆ ಹೋಗುವುದು ಆ ಮೊಟ್ಟೆಯಿಂದ ಹೊರಬರುವ ಮರಿ. ಆ ಮೊಟ್ಟೆ ತೊಳೆಯದ ಕೈ, ಕೊಳಕು ನೀರು, ಹಸಿ ತರಕಾರಿಯ ಮೂಲಕ ಯಾರ ಹೊಟ್ಟೆಗಾದರೂ ಸೇರಬಹುದು. ನೀವು ಮಾಂಸ ತಿಂದಿರಿ ಅಂತ ಯಾರೂ ಆಡಿಕೊಳ್ಳಬೇಕಿಲ್ಲ. ಇದಕ್ಕೆ ಔಷಧಿ ಇದೆ. ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ನುಂಗಬೇಡಿ. ಹುಳು ಸಾಯುವಾಗ ಸುತ್ತ ಬಾವು ಬಂದು ಫಿಟ್ಸ್ ಜಾಸ್ತಿಯಾಗಬಹುದು, ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ಪ್ರಶ್ನೆ: ಫಿಟ್ಸ್ ಬಂದಾಗ ನಾಲಿಗೆ ಕಚ್ಚಿಕೊಳ್ಳದ ಹಾಗೆ ಬಾಯಿಗೆ ಚಮಚ ಇಡಬೇಕಾ? — ಗೃಹಿಣಿ

ಉತ್ತರ: ಬೇಡ. ನನಗೆ ಹತ್ತು ವರ್ಷ ಇದ್ದಾಗ ನನ್ನ ತಮ್ಮ ಊಟದ ತಟ್ಟೆಯ ಮುಂದೆಯೇ ಬಿದ್ದ. ನಾವೆಲ್ಲ ಸೇರಿ ಅವನ ಹಲ್ಲುಗಳ ನಡುವೆ ಚಮಚ ತುರುಕಿದೆವು. ಮುಂದಿನ ಹಲ್ಲು ಮುರಿಯಿತು. ಇವತ್ತಿಗೂ ಅವನು ನಕ್ಕಾಗ ಆ ಜಾಗ ಕಾಣುತ್ತದೆ, ನನಗೆ ಆ ಚಮಚದ ಸದ್ದು ಕೇಳುತ್ತದೆ. ನಾಲಿಗೆ ಕಚ್ಚಿದ ಗಾಯ ಮಾಯುತ್ತದೆ. ಹಲ್ಲು ಮುರಿದು ಗಂಟಲಿಗೆ ಹೋದರೆ ಕಷ್ಟ.

ಒತ್ತಿ ಹಿಡಿಯಬೇಡಿ. ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಿ, ಕುತ್ತಿಗೆಯ ಬಳಿ ಬಟ್ಟೆ ಸಡಿಲಿಸಿ, ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಫಿಟ್ಸ್ ನಿಂತ ಮೇಲೆ ಸ್ವಲ್ಪ ಹೊತ್ತು ಮಂಕಾಗಿರುತ್ತಾರೆ, ಪಕ್ಕದಲ್ಲೇ ಕೂತು ಮೆಲ್ಲಗೆ ಹೆಸರು ಹಿಡಿದು ಮಾತಾಡಿಸಿ. ಅಯ್ಯೋ ಪಾಪ ಅಂತ ಬಾಯಿಗೆ ನೀರು ಹಾಕಲು ಹೋಗಬೇಡಿ. ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿ, ತಾವೇ ಎದ್ದು ಕೂತು ಲೋಟ ಹಿಡಿದ ಮೇಲೆ ಕೊಡಿ.