ಡಾಕ್ಟರ್ ಓದಿ ಲ್ಯಾಬ್‌ನಲ್ಲಿ ಕೂತರೆ ದಂಡವಾ?

ಪ್ರಶ್ನೆ: ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ಪ್ರಾಕ್ಟೀಸ್ ಬೇಡ, ಹೃದಯದ ಕಾಯಿಲೆಯ ಜೀನ್‌ಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ಅಷ್ಟು ವರ್ಷ ಓದಿ ಲ್ಯಾಬ್‌ನಲ್ಲಿ ಕೂತರೆ ರೋಗಿಗಳಿಗೇನು ಉಪಯೋಗ?
– ಓದುಗರೊಬ್ಬರು, ಹಾಸನ

ಉತ್ತರ: ಅಮೆರಿಕದ ಹೆಲೆನ್ ಹಾಬ್ಸ್ ಅವರ ವಿಷಯ ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ಹಾಬ್ಸ್ ಕೂಡ ಡಾಕ್ಟರೇ. ಡಲ್ಲಾಸ್‌ನಲ್ಲಿ ತರಬೇತಿಯಲ್ಲಿದ್ದಾಗ ಅವರ ಮುಖ್ಯಸ್ಥ ಡೊನಾಲ್ಡ್ ಸೆಲ್ಡಿನ್ ಸಂಶೋಧನೆಗೆ ಹೋಗು ಅಂದರು. ಸೇರಿದ್ದು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಲ್ಯಾಬ್‌ಗೆ. ಕೊಲೆಸ್ಟ್ರಾಲ್ ಕೆಲಸಕ್ಕೆ 1985ರಲ್ಲಿ ನೊಬೆಲ್ ಪಡೆದ ಆ ಇಬ್ಬರೂ ಡಾಕ್ಟರುಗಳೇ, ನೋಡಿ.

ಆಮೇಲೆ ಹಾಬ್ಸ್ ಡಲ್ಲಾಸ್ ಊರಿನ ಸಾವಿರಾರು ಜನರ ರಕ್ತ ಪರೀಕ್ಷಿಸುವ ದೊಡ್ಡ ಅಧ್ಯಯನ ನಡೆಸಿದರು. ಪಿಸಿಎಸ್‌ಕೆ9 ಅನ್ನುವ ಜೀನ್ ಅತಿಯಾಗಿ ಕೆಲಸ ಮಾಡಿದರೆ ಕೊಲೆಸ್ಟ್ರಾಲ್ ವಿಪರೀತ ಏರುತ್ತದೆ ಅಂತ 2003ರಲ್ಲಿ ಫ್ರಾನ್ಸ್‌ನ ಕೆಲವು ಕುಟುಂಬಗಳಲ್ಲಿ ಗೊತ್ತಾಗಿತ್ತು. ಹಾಗಾದರೆ ಅದೇ ಜೀನ್ ಕೆಟ್ಟುಹೋದವರು? ಹಾಬ್ಸ್ ಮತ್ತು ಅವರ ಜೊತೆಗಾರ ಜೊನಾಥನ್ ಕೋಹೆನ್ ಹುಡುಕಿದ್ದು ಅವರನ್ನು, ಅಂದರೆ ಕೊಲೆಸ್ಟ್ರಾಲ್ ತೀರಾ ಕಮ್ಮಿ ಇದ್ದವರನ್ನು. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುವ ಕೊಂಡಿಗಳು ಲಿವರ್ ಮೇಲೆ ಇರುತ್ತವೆ, ಈ ಜೀನ್ ಮಾಡುವ ಪ್ರೋಟೀನ್ ಆ ಕೊಂಡಿಗಳನ್ನೇ ಹಾಳು ಮಾಡುತ್ತದೆ. ಜೀನ್ ಕೆಟ್ಟರೆ ಕೊಂಡಿಗಳು ಉಳಿಯುತ್ತವೆ, ರಕ್ತ ತಿಳಿಯಾಗಿರುತ್ತದೆ.

ಹೀಗೆ ಈ ಜೀನ್ ಕೆಟ್ಟಿದ್ದ ಕಪ್ಪು ವರ್ಣದ ಜನರನ್ನು 15 ವರ್ಷ ಗಮನಿಸಿದ ಲೆಕ್ಕ 2006ರಲ್ಲಿ ಬಂತು. ಉಳಿದವರಿಗಿಂತ ಕೆಟ್ಟ ಕೊಲೆಸ್ಟ್ರಾಲ್ 28% ಕಮ್ಮಿ, ಹೃದಯದ ರಕ್ತನಾಳದ ಕಾಯಿಲೆ ಮಾತ್ರ 88% ಕಮ್ಮಿ! ಐವತ್ತರಲ್ಲಿ ಮಾತ್ರೆ ಶುರು ಮಾಡಿ ಅಷ್ಟೇ ಇಳಿಸಿದರೆ ಇಷ್ಟು ಲಾಭ ಸಿಗುವುದಿಲ್ಲ, ಇವರಿಗೆ ಹುಟ್ಟಿದಾಗಿನಿಂದಲೇ ಕಮ್ಮಿ ಇತ್ತಲ್ಲ. ಅಪ್ಪ, ಅಮ್ಮ ಇಬ್ಬರಿಂದ ಬಂದ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದ ಒಬ್ಬ ಮಹಿಳೆಗೆ ಕೆಟ್ಟ ಕೊಲೆಸ್ಟ್ರಾಲ್ ಬರೀ 14 (ಮಿ.ಗ್ರಾಂ/ಡಿಎಲ್) ಇತ್ತು. ಆಕೆ ಆರಾಮಾಗಿದ್ದರು. ಹಾಗಾಗಿ ಈ ಪ್ರೋಟೀನನ್ನು ತಡೆದರೆ ಅಪಾಯವಿಲ್ಲ ಅನ್ನುವ ಧೈರ್ಯ ಔಷಧ ಕಂಪನಿಗಳಿಗೆ ಬಂತು. 2015ರಲ್ಲಿ ಅದನ್ನು ತಡೆಯುವ ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ನಮ್ಮ ಕಡೆಯೂ ಕೆಲಸ ಬೇಕಾದಷ್ಟಿದೆ. ಎಂವೈಬಿಪಿಸಿ3 ಅನ್ನುವ ಇನ್ನೊಂದು ಜೀನ್‌ನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದ ಸುಮಾರು 4% ಜನರಲ್ಲಿ ಕಂಡಿದೆ, ಅದು ಹೃದಯದ ಸ್ನಾಯುವಿನ ಕಾಯಿಲೆಗೆ ದಾರಿ ಮಾಡಬಹುದು.

ಮಗಳಿಗೆ ಒಂದೇ ಸಲಹೆ: ಎಂಡಿ ಮಾಡಲಿ, ಒಪಿಡಿ ಪೂರ್ತಿ ಬಿಡುವುದು ಬೇಡ. ದುಡ್ಡಿನ ವಿಷಯ ಮಾತ್ರ ಮುಚ್ಚಿಡಲ್ಲ, ಜೊತೆಗೆ ಓದಿದವರು ಕ್ಲಿನಿಕ್ ಹಾಕಿ ಕಾರು ತಗೊಂಡಾಗ ಇವಳು ಇನ್ನೂ ಫೆಲೋಶಿಪ್ ಹಣದಲ್ಲೇ ಇರಬಹುದು. ಆ ಮಾತು ಮನೆಯಲ್ಲಿ ಈಗಲೇ ಆಡಿಬಿಡಿ.