ಚಿಕ್ಕ ಕೇಸಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಪ್ರಶ್ನೆ: ನಮಸ್ಕಾರ ಸರ್. ಮಗನ ಓದಿಗೆ ಅಂತ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ತಂದಿದ್ದೆ. ತೆಳ್ಳಗಿನ ಕೇಸು, 7ನೇ ಜನರೇಷನ್ ಐ5, 180 ವ್ಯಾಟ್ ಪವರ್ ಸಪ್ಲೈ. ಈಗ ಅವನಿಗೆ ಜಿಟಿಎ 5 ಆಡಬೇಕಂತೆ. ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂತಾನೆ, ಅಂಗಡಿಯವರು ಆರ್‌ಎಕ್ಸ್ 6400 ಸಾಕು ಅಂತಾರೆ. ಯಾವುದು ತರಲಿ?
– ಒಬ್ಬ ಓದುಗರು, ತುಮಕೂರು

ಉತ್ತರ: ಮಗನ ಮಾತೇ ಸರಿ. ಆದರೆ 3050 ಅಂತ ಸುಮ್ನೆ ಕೇಳಬೇಡಿ, ಆ ಹೆಸರಿನಲ್ಲಿ ಎರಡು ಬೇರೆ ಕಾರ್ಡುಗಳಿವೆ. 8 ಜಿಬಿ ಮೆಮೊರಿಯದು 130 ವ್ಯಾಟ್ ತಿನ್ನುತ್ತದೆ, ಅದಕ್ಕೆ ಪವರ್ ಸಪ್ಲೈಯಿಂದ ಬೇರೆ ವೈರ್ ಬೇಕು. 2024ರಲ್ಲಿ ಬಂದ 6 ಜಿಬಿಯದಕ್ಕೆ 70 ವ್ಯಾಟ್ ಸಾಕು. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್‌ವರೆಗೆ ಕೊಡುತ್ತದೆ, ಹಾಗಾಗಿ ಬೇರೆ ವೈರ್ ಬೇಕಿಲ್ಲ. ನಿಮಗೆ ಬೇಕಿರುವುದು ಇದರ ಲೋ ಪ್ರೊಫೈಲ್, ಅಂದರೆ ತೆಳ್ಳಗಿನ ಕೇಸಿಗೆ ಹಿಡಿಸುವ ಗಿಡ್ಡ ಮಾಡೆಲ್. ವೇಗ 8 ಜಿಬಿಯದಕ್ಕಿಂತ ಕಡಿಮೆಯೇ, ಆದರೂ 1080ಪಿಯಲ್ಲಿ ಜಿಟಿಎ 5 ಆರಾಮಾಗಿ ಓಡುತ್ತದೆ, ಆಟದ ವೇಗ ಹೆಚ್ಚಿಸುವ ಡಿಎಲ್‌ಎಸ್‌ಎಸ್ ತಂತ್ರವೂ ಸಿಗುತ್ತದೆ.

6400 ಕೆಟ್ಟ ಕಾರ್ಡ್ ಅಲ್ಲ. 53 ವ್ಯಾಟ್, ಒಂದೇ ಸ್ಲಾಟ್ ದಪ್ಪ, ತೆಳು ಕೇಸಿಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಇರುವುದು ನಿಮ್ಮ ಹಳೆಯ ಬೋರ್ಡಿನಲ್ಲಿ. ಆ ಕಾರ್ಡಿಗೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡಿನ ನಡುವೆ ಡೇಟಾ ಓಡುವ ದಾರಿ), ಅದೂ ಪಿಸಿಐಇ 4.0 ಬೋರ್ಡ್ ಸಿಗುತ್ತದೆ ಅಂದುಕೊಂಡು ಮಾಡಿದ್ದು; ನಿಮ್ಮದು 3.0, ಅಂದರೆ ಡೇಟಾ ಹೋಗುವ ದಾರಿ ಅರ್ಧಕ್ಕರ್ಧ ಕಿರಿದಾಗುತ್ತದೆ, ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಮೇಲೆ ಆಟ ತಡೆತಡೆದು ಓಡೋಕೆ ಶುರುವಾಗುತ್ತದೆ. ವಿಡಿಯೋ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಮಗ ಆಟ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋನಾದರೆ ಇದು ದೊಡ್ಡ ಕೊರತೆ.

ದುಡ್ಡು ಕೊಡುವ ಮುಂಚೆ ಕೇಸಿನ ಮುಚ್ಚಳ ತೆಗೆದು ನೋಡಿ. 3050 ಲೋ ಪ್ರೊಫೈಲ್ ಕಾರ್ಡುಗಳು ಸಾಮಾನ್ಯವಾಗಿ ಎರಡು ಸ್ಲಾಟ್ ದಪ್ಪ ಇರುತ್ತವೆ, ಕೆಲವು ಆಫೀಸ್ ಕಂಪ್ಯೂಟರುಗಳಲ್ಲಿ ಉದ್ದನೆಯ ಸ್ಲಾಟಿನ ಪಕ್ಕಕ್ಕೇ ಪವರ್ ಸಪ್ಲೈ ಇರುತ್ತದೆ, ಆಗ ಕಾರ್ಡ್ ಕೂರುವುದೇ ಇಲ್ಲ. ಹಾಗಿದ್ದರೆ ಆಗ 6400 ತನ್ನಿ, ನನ್ನದೇನೂ ಅಡ್ಡಿಯಿಲ್ಲ.

ಬ್ರ್ಯಾಕೆಟ್ ಮರೀಬೇಡಿ. ಕಾರ್ಡಿನ ತುದಿಯಲ್ಲಿರುವ ತಗಡಿನ ಪಟ್ಟಿ ಅದು. ಮಾಮೂಲಿ ಪಟ್ಟಿ 12 ಸೆಂಟಿಮೀಟರ್, ನಿಮ್ಮ ಕೇಸಿಗೆ ಬೇಕಿರುವ ಗಿಡ್ಡ ಪಟ್ಟಿ ಸುಮಾರು 8. ಹೊಸ ಕಾರ್ಡಾದರೆ ಡಬ್ಬಿಯಲ್ಲಿ ಗಿಡ್ಡದೂ ಇದೆಯಾ ನೋಡಿ, ಸ್ಕ್ರೂ ಬಿಚ್ಚಿ ಬದಲಾಯಿಸಿದರೆ ಆಯ್ತು. ಸೆಕೆಂಡ್ ಹ್ಯಾಂಡ್ ಮಾರುವವರ ಹತ್ತಿರ ಎಷ್ಟೋ ಸಲ ಅದೇ ಇರುವುದಿಲ್ಲ, ಆಗ ಎಚ್‌ಡಿಎಂಐ ಕೇಬಲ್ ಎಳೆದಾಗಲೆಲ್ಲ ಕಾರ್ಡ್ ಸ್ಲಾಟಿನಲ್ಲಿ ಅಲ್ಲಾಡುತ್ತದೆ.

ಪ್ರಶ್ನೆ: ನನ್ನದೂ ಅಂಥದ್ದೇ ಆಫೀಸ್ ಪಿಸಿ. ಆರ್‌ಟಿಎಕ್ಸ್ 4060ಯಲ್ಲೂ ಲೋ ಪ್ರೊಫೈಲ್ ಇದೆ ಅಂತ ಕೇಳಿದೆ. ಹಾರ್ಡ್ ಡಿಸ್ಕಿಗೆ ಪವರ್ ಕೊಡುವ ಸಾಟಾ ವೈರಿಗೆ ಅಡಾಪ್ಟರ್ ಹಾಕಿ ಓಡಿಸಬಹುದಾ?
– ಇನ್ನೊಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಇದೆ, ಗಿಗಾಬೈಟ್‌ನದು. ಉದ್ದ 182 ಮಿಲಿಮೀಟರ್, ಮೂರು ಪುಟ್ಟ ಫ್ಯಾನು. ಒಳ್ಳೇ ಕಾರ್ಡ್. ಆದರೆ 115 ವ್ಯಾಟ್ ಬೇಕು, 8 ಪಿನ್ ವೈರೂ ಬೇಕು. ಸಾಟಾ ಅಡಾಪ್ಟರ್ ಮಾತ್ರ ದಯವಿಟ್ಟು ಬೇಡ. ಒಂದು ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ಕೊಡಬಹುದಾದ್ದು 54 ವ್ಯಾಟ್, ಅದಕ್ಕಿಂತ ಜಾಸ್ತಿ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. 8 ಪಿನ್ ವೈರಿರುವ ಪವರ್ ಸಪ್ಲೈ ನಿಮ್ಮ ಕೇಸಿಗೆ ಹಿಡಿಸುತ್ತದಾ ಮೊದಲು ನೋಡಿ, ಹಿಡಿಸದಿದ್ದರೆ 6 ಜಿಬಿ 3050 ತಗೊಳ್ಳಿ.