ಫಜ್ ಒತ್ತಿದ ಕೂಡಲೇ ಬೇಸ್ ಮಾಯವಾಗುವುದು

ನಿಮ್ಮ ಬೇಸ್ ಗಿಟಾರಿಗೆ ಹಾಕಿರುವ ಫಜ್ (ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಡಲ್) ಬಹುಶಃ ಮಾಮೂಲಿ ಗಿಟಾರಿಗೆಂದು ಮಾಡಿದ್ದು, ತಳದ ಸದ್ದನ್ನು ಕತ್ತರಿಸುತ್ತಿದೆ. ಮನೆಯಲ್ಲಿ ಗಟ್ಟಿಯಾಗಿ ಕೇಳುವ ಫಜ್, ಮುಂಬೈಯ ಮಾಟುಂಗದ ಪ್ರಾಕ್ಟೀಸ್ ರೂಮಿನಲ್ಲಿ ಡ್ರಮ್ಸ್ ಶುರುವಾದರೆ ಕೇಳಿಸುವುದೇ ಇಲ್ಲ ಅಂದಿರಿ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಜ್, ಬೇಸಿನದು 41, ಇನ್ನೂ ಕೆಳಗೆ. ಪೆಟ್ಟು ಬೀಳುವುದು ಅಲ್ಲೇ.

ಮೊದಲು ಪೆಡಲಿನ ಗೇನ್ (ಸದ್ದು ಎಷ್ಟು ಒರಟಾಗಬೇಕೆಂಬ ನಾಬ್) ಅರ್ಧಕ್ಕೆ ಇಳಿಸಿ, ವಾಲ್ಯೂಮ್ ಏರಿಸಿ. ಇಂಥವೇ ಪೆಡಲ್‌ಗಳಲ್ಲಿ ಓವರ್‌ಡ್ರೈವ್ ಸದ್ದಿನ ಅಲೆಯ ತುದಿಯನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ, ಡಿಸ್ಟಾರ್ಷನ್ ಒರಟಾಗಿ ಕತ್ತರಿಸುತ್ತದೆ. ಫಜ್ ಅದನ್ನು ಪೂರ್ತಿ ಚಪ್ಪಟೆ ಮಾಡಿಬಿಡುತ್ತದೆ. ಆಗ ಬೆರಳಿನ ಪೆಟ್ಟು ಜೋರೋ ಮೆಲ್ಲಗೋ ಗೊತ್ತಾಗುವುದಿಲ್ಲ. ಎಷ್ಟು ಗೇನ್ ಜಾಸ್ತಿಯೋ ಬ್ಯಾಂಡಿನಲ್ಲಿ ನಿಮ್ಮ ಸದ್ದು ಅಷ್ಟು ಹಿಂದೆ ಸರಿಯುತ್ತದೆ.

ಆಮೇಲೆ ಆಂಪ್‌ನಲ್ಲಿ ಮಿಡ್ (ನಡುವಿನ ಸದ್ದು) ಏರಿಸಿ. ತುಂಬಾ ಫಜ್‌ಗಳು ಅದನ್ನೇ ತಗ್ಗಿಸುತ್ತವೆ. ಸುಮ್ನೆ ಆಂಪ್‌ನ ಬೇಸ್ ನಾಬ್ (ತಳದ ಸದ್ದಿನದು) ತಿರುಗಿಸಿದರೆ ರೂಮ್ ಗುಂಯ್‌ಗುಟ್ಟುತ್ತದೆ ಅಷ್ಟೆ.

ಆಗಲೂ ಸರಿಹೋಗದಿದ್ದರೆ ಫಜ್ ತಾಗದ ಕ್ಲೀನ್ ಸದ್ದನ್ನು ಜೊತೆಗೆ ಬೆರೆಸಬೇಕು. ನನಗೆ ಕೆಲಸ ಮಾಡಿದ್ದು ಇದೇ. ಎರಡನ್ನೂ ಬೆರೆಸುವ ಬ್ಲೆಂಡ್ ನಾಬ್ ಇರುವ ಬೇಸ್ ಪೆಡಲ್ ನೋಡಿ, ಇಲ್ಲವೇ ಈಗಿನ ಫಜ್‌ಗೇ ಬ್ಲೆಂಡರ್ ಪೆಡಲ್ ಸೇರಿಸಿ. ಧೋಬಿ ತಲಾವ್‌ನ ವಾದ್ಯದ ಅಂಗಡಿಗೆ ನಿಮ್ಮದೇ ಬೇಸ್ ಹಿಡಿದು ಹೋಗಿ. ಮೊಬೈಲಿನಲ್ಲಿ ಡ್ರಮ್ಸ್ ಟ್ರ್ಯಾಕ್ ಹಾಕಿಕೊಂಡು ನುಡಿಸಿ ನೋಡಿ, ಒಂಟಿಯಾಗಿ ನುಡಿಸಿದರೆ ಎಲ್ಲ ಪೆಡಲೂ ಚೆನ್ನಾಗೇ ಕೇಳುತ್ತದೆ.